ದಮ್ಮಸುಗೋಡೆಗೆ ತಕ್ಕ ಮಣ್ಣು: ಬೈತಖೋಲದ ಗುಡ್ಡವನ್ನು ಕುರಿತು ಕೆಲವು ವಿಚಾರಗಳು

ಉತ್ತರ ಕನ್ನಡ ಜಿಲ್ಲೆಯ ಕರಾವಳಿಯ ಗ್ರಾಮಗಳಲ್ಲಿ ಕೊಯ್ಲು ಮುಗಿದು ಹುಲ್ಲು ಬಣವೆಗೆ ಸೇರಿದೊಡನೆ ಜಮೀನುದಾರರು ಕೈಹಾಕುವ ಕೆಲಸಗಳಲ್ಲಿ ದನದ ಕೊಟ್ಟಿಗೆ, ಬಿತ್ತದ ಕೋಣೆ, ಪಂಪಿನ ಮನೆ, ಆಳುಗಳ ಬಿಡಾರ ಮೊದಲಾದವುಗಳನ್ನು ಕಟ್ಟುವುದೂ ಒಂದು. ಇವುಗಳಿಗೆ ಚಿರೆಕಲ್ಲೇ ಆಗಬೇಕೆಂದು ಹೊರಟವರು ಕಲ್ಲಿನ ಬೆಲೆಯನ್ನೂ ಲಾರಿಯ ಬಾಡಿಗೆಯನ್ನೂ ಕೇಳಿದ ಬಳಿಕ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳುವರು. ಮಣ್ಣಿನಿಂದಲೇ ತೀರಿಸುವೆವೆಂದು ಹೊರಟವರಾದರೋ, ಹಿತ್ತಲಲ್ಲಿ ಗುದ್ದಲಿಗೆ ಸುಲಭವಾಗಿ ಸಿಕ್ಕಿದ ಮಣ್ಣನ್ನು ತೆಗೆದು ಗೋಡೆ ಎಬ್ಬಿಸಿ, ಎರಡನೆಯ ಆಷಾಢದಲ್ಲಿ ಅದು ಕುಳಿತುಹೋದಾಗ ಮಣ್ಣನ್ನೇ ನಿಂದಿಸುವರು. ದೋಷವು ಮಣ್ಣಿನದಲ್ಲ, ಆಯ್ಕೆಯದು. ಮಣ್ಣಿನ ಗೋಡೆ ಬಿದ್ದಾಗ ಅದರಡಿಯಲ್ಲಿ ಸಿಕ್ಕುವವು ಕಟ್ಟಿದ ದನಗಳು, ಮಲಗಿದ ಮಕ್ಕಳು. ಆದಕಾರಣ ಊರಿನ ಮುಖ್ಯಸ್ಥರೂ ಹಿಡುವಳಿದಾರರೂ ಈ ವಿಷಯದಲ್ಲಿ ಸ್ವಲ್ಪ ಶ್ರಮವಹಿಸಿ ವಿಚಾರಮಾಡತಕ್ಕದ್ದು ಅವಶ್ಯವಾಗಿದೆ.

ಇಲ್ಲಿ ದಮ್ಮಸುಗೋಡೆಯೆಂದರೆ ಕಲಸಿದ ಕೆಸರನ್ನು ಉಂಡೆಗಟ್ಟಿ ಒಂದರ ಮೇಲೊಂದು ಇಟ್ಟು ಎಬ್ಬಿಸುವ ಹಳೆಯ ಗೋಡೆಯಲ್ಲ. ಎರಡು ಬದಿಗೆ ಗಟ್ಟಿಯಾದ ಹಲಗೆಗಳನ್ನು ನಿಲ್ಲಿಸಿ, ನಡುವೆ ಅಲ್ಪ ತೇವವುಳ್ಳ ಸಡಿಲ ಮಣ್ಣನ್ನು ಪದರು ಪದರಾಗಿ ಹಾಕಿ, ಭಾರವಾದ ದಮ್ಮಸಿನಿಂದ ಬಡಿದು ಕಲ್ಲಿನಂತೆ ಮಾಡುವ ಗೋಡೆಯಿದು. ಈ ಕ್ರಮವು ಹೊಸತಲ್ಲ. ಹಲಗೆಗಳ ನಡುವೆ ಬಡಿದ ಮಣ್ಣಿನ ಗೋಡೆಗಳು ಸ್ಪೇನ್ ಮತ್ತು ಆಫ್ರಿಕಾ ದೇಶಗಳಲ್ಲಿ ಇದ್ದುದನ್ನು ಒಂದನೆಯ ಶತಮಾನದ ರೋಮನ್ ಗ್ರಂಥಕಾರನಾದ ಪ್ಲಿನಿಯು ಬರೆದಿಟ್ಟಿದ್ದಾನೆ. ಅಮೇರಿಕದ ಕೃಷಿ ಇಲಾಖೆಯು 1926ರಲ್ಲಿ ರೈತರಿಗೋಸ್ಕರ ಇದೇ ವಿಷಯದ ಮೇಲೆ ಒಂದು ಕೈಪಿಡಿಯನ್ನು ಹೊರಡಿಸಿತು. ನಮ್ಮ ದೇಶದಲ್ಲಿ, ವಿಭಜನೆಯ ತರುವಾಯ ಮನೆಮಠ ಕಳೆದುಕೊಂಡು ಬಂದವರಿಗೆ ಪಂಜಾಬಿನ ಕರ್ನಾಲಿನಲ್ಲಿ (ಈಗಿನ ಹರಿಯಾಣ) 1948ರಿಂದ ಮೊದಲ್ಗೊಂಡು ಸುಮಾರು 4000 ಮನೆಗಳನ್ನು, ಅತ್ಯಲ್ಪ ಸಿಮೆಂಟು ಬೆರೆಸಿದ ದಮ್ಮಸುಮಣ್ಣಿನಿಂದ ಕಟ್ಟಿಕೊಡಲಾಯಿತು. ಸಿಮೆಂಟು ಬೆರೆಸಿದ ಮಣ್ಣಿನ ಗೋಡೆಗಳನ್ನು ಇದ್ದಲ್ಲೇ ಕಟ್ಟುವ ಕ್ರಮಕ್ಕೆ ಭಾರತೀಯ ಮಾನಕ ಸಂಸ್ಥೆಯ 2110ನೆಯ ಸಂಖ್ಯೆಯ ನಿಯಮಾವಳಿಯೂ ಉಂಟು.

ಆದರೆ ಕರ್ನಾಲಿನ ಮಳೆಗೂ ಕಾರವಾರದ ಮಳೆಗೂ ಹೋಲಿಕೆಯಿಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರು, ಅಂದರೆ 120 ಅಂಗುಲದಷ್ಟು ಮಳೆಯು ಬೀಳುವುದು. ಅದರಲ್ಲಿಯೂ ಬಹುಪಾಲು ಮೃಗಶಿರದಿಂದ ಹುಬ್ಬೆಯ ವರೆಗಿನ ಅವಧಿಯಲ್ಲಿ, ಗಾಳಿಯೊಡನೆ ಅಡ್ಡಲಾಗಿ ಬೀಳುವುದು. ಬೇರೆ ದೇಶದ ಪುಸ್ತಕದಲ್ಲಿ ಚೆನ್ನಾಗಿದೆಯೆಂದು ಬರೆದ ಮಿಶ್ರಣವು ಇಲ್ಲಿ ನಿಲ್ಲುವುದೆಂದು ನಂಬಿ ಕೈಹಾಕಬಾರದು. ದಕ್ಷಿಣ ಡಕೋಟಾ ಎಂಬ ಅಮೇರಿಕದ ಸಂಸ್ಥಾನದ ಕೃಷಿ ಕಾಲೇಜಿನವರು 1930ರ ಆಸುಪಾಸಿನಲ್ಲಿ ಬೇರೆ ಬೇರೆ ಮಣ್ಣುಗಳಿಂದ ಗೋಡೆಗಳನ್ನು ಮಾಡಿ, ಬಯಲಿನಲ್ಲಿ ಬಿಸಿಲು ಮಳೆಗಳಿಗೆ ಒಡ್ಡಿ, ವರ್ಷಾನುವರ್ಷ ಪರೀಕ್ಷಿಸಿದರು. ಜೇಡಿ ಹೆಚ್ಚಿದ್ದ ಗೋಡೆಗಳು ಬಿರಿದು ಉದುರಿದವು. ಮರಳು ಹೆಚ್ಚಿದ್ದವು ತಾಳಿಕೊಂಡವು. ಅಲ್ಲಿಯ ಮಳೆಯು ನಮ್ಮದರ ಐದರಲ್ಲೊಂದು ಪಾಲಿನಷ್ಟು ಮಾತ್ರ. ಅಷ್ಟು ಮಳೆಯಲ್ಲಿಯೇ ಜೇಡಿಯ ಗೋಡೆಯು ಸೋತಿತೆಂದ ಬಳಿಕ ನಮ್ಮಲ್ಲಿ ಹೇಳುವುದೇನಿದೆ?

ಮಣ್ಣಿನಲ್ಲಿ ಗರಸು, ಮರಳು, ರೇವೆ, ಜೇಡಿ ಎಂದು ನಾಲ್ಕು ಅಂಶಗಳಿರುವುವೆಂಬುದನ್ನು ಈ ಪತ್ರಿಕೆಯ ವಾಚಕರು ಬಲ್ಲರು. ಗೋಡೆಯಲ್ಲಿ ಗರಸೂ ಮರಳೂ ಎಲುಬಿನಂತೆ ಭಾರವನ್ನು ಹೊರುವುವು. ಜೇಡಿಯು ಅವನ್ನು ಅಂಟಿಸಿ ಹಿಡಿಯುವುದು. ರೇವೆಯು ಸಂದುಗಳನ್ನು ತುಂಬುವುದೇ ಹೊರತು ತಾನಾಗಿ ಯಾವ ಬಲವನ್ನೂ ಕೊಡುವುದಿಲ್ಲ. ಜೇಡಿ ಕಡಮೆಯಾದರೆ ಹಲಗೆ ತೆಗೆದಾಗಲೇ ಅಂಚು ಉದುರುವುದು. ಹೆಚ್ಚಾದರೆ ಒಣಗುವಾಗ ಕುಗ್ಗಿ ಬಿರಿಯುವುದು, ನೆನೆದಾಗ ಉಬ್ಬುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ಕಟ್ಟಡಗಳ ಮಣ್ಣಿನ ಮೇಲೆ 1970ರ ದಶಕದಿಂದಲೂ ಸಂಶೋಧನೆಯು ನಡೆದಿರುತ್ತದೆ. ಸಿಮೆಂಟು ಬೆರೆಸಿದ ದಮ್ಮಸುಮಣ್ಣಿನಲ್ಲಿ ಜೇಡಿಯು 100ಕ್ಕೆ 16ರ ಸುಮಾರಿಗಿರುವಾಗ ಗೋಡೆಗೆ ಅತ್ಯಧಿಕ ಬಲವು ಬರುವುದೆಂದು ಅಲ್ಲಿಯ ಪ್ರಯೋಗಗಳಿಂದ ಕಂಡುಬಂದಿದೆ. ಹೀಗಿರಲು ಗರಸು ಮತ್ತು ಮರಳು ಕೂಡಿ 65ರಿಂದ 75, ಜೇಡಿ 12ರಿಂದ 18, ಉಳಿದುದು ರೇವೆ, ಎಂಬ ಗುರಿಯನ್ನು ನಾವು ಇಟ್ಟುಕೊಳ್ಳಬಹುದು.

ಈಗ ಬೈತಖೋಲವನ್ನು ನಿದರ್ಶನಕ್ಕೆ ತೆಗೆದುಕೊಳ್ಳೋಣ. ಕಾರವಾರದ ಬಂದರು ಇರುವ ಈ ಸ್ಥಳದಲ್ಲಿ ಗುಡ್ಡವು ನೇರವಾಗಿ ಕಡಲಿಗೆ ಇಳಿದಿದೆ. ಸಪಾಟಾದ ನೆಲವು ಅತ್ಯಲ್ಪ. ಮನೆಗಳು ಇಳಿಜಾರನ್ನು ಆಶ್ರಯಿಸಿರುವುವು. ಮೇಲೆ ಗುಡ್ಡದ ಕೆಂಪುಮಣ್ಣು, ಕೆಳಗೆ ಕಡಲಿನ ಮರಳು. ಎರಡನ್ನೂ ಬೆರೆಸಿದರೆ ಗೋಡೆಗೆ ಬೇಕಾದ ಮಿಶ್ರಣವು ಸಿದ್ಧವಾಯಿತಲ್ಲವೇ ಎಂದು ಯಾರಿಗಾದರೂ ತೋರುವುದು ಸಹಜ. ಆದರೆ ಈ ಎರಡರಲ್ಲಿಯೂ ಒಂದೊಂದು ಮೋಸವಿದೆ.

ಮೊದಲು ಗುಡ್ಡದ ಮಣ್ಣು. ನಮ್ಮ ಕರಾವಳಿಯ ಗುಡ್ಡಗಳನ್ನು ಅಗೆದರೆ ಸಾಮಾನ್ಯವಾಗಿ ಮೇಲೊಂದು ಅಡಿ, ಒಂದೂವರೆ ಅಡಿ ದರಕು ಬೇರುಗಳಿಂದ ಕೂಡಿದ ಕಂದುಮಣ್ಣು ಸಿಕ್ಕುವುದು. ಇದು ಗೋಡೆಗೆ ಸಲ್ಲದು. ಇದರಲ್ಲಿರುವ ಸೇಂದ್ರಿಯ ಪದಾರ್ಥವು ಕೊಳೆತು ಟೊಳ್ಳಾಗುವುದಲ್ಲದೆ ಸಿಮೆಂಟನ್ನೂ ಸರಿಯಾಗಿ ಕಚ್ಚಗೊಡಿಸದು. ಅದನ್ನು ಬೇರೆಯಾಗಿ ರಾಶಿಮಾಡಿ ತೆಂಗಿನ ಬುಡಕ್ಕೋ ತೋಟಕ್ಕೋ ಹಾಕತಕ್ಕದ್ದು. ಒಂದು ಅಂಗುಲ ಮೇಲ್ಮಣ್ಣು ಹುಟ್ಟಬೇಕಾದರೆ ಎಷ್ಟೋ ತಲೆಮಾರುಗಳು ಬೇಕು. ಅದನ್ನು ಗೋಡೆಗೆ ಸುರಿಯುವುದು ಬಿತ್ತದ ಭತ್ತವನ್ನು ಕುಟ್ಟಿ ಉಂಡಂತೆ. ಅದರ ಕೆಳಗೆ ಕೆಂಪಾದ ಗರಸುಮಣ್ಣು ಬರುವುದು. ಚಿರೆಕಲ್ಲಿನ ಜಾತಿಯ ಈ ಮಣ್ಣಿನಲ್ಲಿ ಸಣ್ಣ ಸಣ್ಣ ಗಟ್ಟಿಕಾಳುಗಳಿರುವುವು. ಇದರ ಜೇಡಿಯು ಘಟ್ಟದ ಮೇಲಿನ ಧಾರವಾಡದ ಎರೆಮಣ್ಣಿನ ಜೇಡಿಯಂತೆ ನೀರು ಕುಡಿದು ಉಬ್ಬುವ ಜಾತಿಯದಲ್ಲ. ದಮ್ಮಸುಗೋಡೆಗೆ ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಮಣ್ಣಿಲ್ಲ.

ಮೋಸವಿರುವುದು ಇದಕ್ಕೂ ಕೆಳಗೆ. ಕೆಂಪುಪದರು ಮುಗಿದಲ್ಲಿ ಬಿಳುಪು, ನಸುಹಳದಿ, ಗುಲಾಬಿ ಬಣ್ಣಗಳ ನಯವಾದ ಮಣ್ಣು ಕಾಣಿಸುವುದು. ಜನರು ಇದನ್ನು ಶೇಡಿಮಣ್ಣೆನ್ನುವರು. ನೋಡಲು ಚೆಲುವು, ಅಗೆಯಲು ಸುಲಭ, ಕಲ್ಲಿಲ್ಲ, ಬೇರಿಲ್ಲ. ಒಣಗಿದಾಗ ಗಟ್ಟಿಯಾಗಿಯೂ ಇರುವುದು. ಆಳುಗಳು ಇದನ್ನೇ ಬುಟ್ಟಿಗೆ ತುಂಬಲು ಇಷ್ಟಪಡುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಇದರಲ್ಲಿ ರೇವೆಯೇ ವಿಶೇಷ. ನೀರು ಹೊಕ್ಕೊಡನೆ ಬಲವೆಲ್ಲ ಕರಗಿಹೋಗುವುದು. ಒಣಗಿದ ಒಂದು ಹೆಂಟೆಯನ್ನು ನೀರಿನ ಲೋಟದಲ್ಲಿ ಬಿಟ್ಟು ನೋಡಿರಿ: ಗುಳ್ಳೆಗಳೆದ್ದು, ವೀಳ್ಯವನ್ನು ಮಡಿಚಿ ಬಾಯಿಗಿಡುವಷ್ಟರಲ್ಲಿ ಅದು ಕುಸಿದು ತಳಸೇರುವುದು. ಬೆರಳುಗಳ ನಡುವೆ ಉಜ್ಜಿದರೆ ಅಂಟದೆ ಗೋದಿಹಿಟ್ಟಿನಂತೆ ಜಾರುವುದು. ಇಂಥ ಮಣ್ಣನ್ನು ಎಷ್ಟೇ ಬಡಿದರೂ, ಗಿಲಾವು ಎಷ್ಟೇ ದಪ್ಪವಾಗಿ ಬಳಿದರೂ, ಗೋಡೆಯ ಬುಡಕ್ಕೆ ಒಮ್ಮೆ ನೀರು ನಿಂತಿತೆಂದರೆ ಮುಂದಿನದನ್ನು ಹೇಳಬೇಕಾದುದಿಲ್ಲ. ಮಣ್ಣು ಅಗೆಯುವ ದಿನ ಜಮೀನುದಾರನು ತಾನೇ ಗುಂಡಿಯ ಬಳಿ ನಿಂತು, ಬಣ್ಣವು ಕೆಂಪಿನಿಂದ ತಿಳುಪಿಗೆ ತಿರುಗಿದೊಡನೆ ಅಗೆತವನ್ನು ನಿಲ್ಲಿಸತಕ್ಕದ್ದು.

ಇದೇ ಶೇಡಿಯ ಸಂಬಂಧವಾಗಿ ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಮಣ್ಣು ಬೇಕೆಂದು ಗುಡ್ಡದ ಬುಡವನ್ನು ನೆಟ್ಟಗೆ ಕಡಿಯಬೇಡಿರಿ. ಕೆಳಗಿನ ಮೆತ್ತಗಿನ ಪದರನ್ನು ಕೊರೆದರೆ ಮೇಲಿನ ಕೆಂಪುಮಣ್ಣಿನ ಭಾರವೆಲ್ಲ ಆಸರೆ ತಪ್ಪಿ ನಿಲ್ಲುವುದು. ಮಳೆಯ ನೀರು ಇಂಗಿ ತೂಕವೂ ಹೆಚ್ಚಿದಾಗ ಅದು ಒಂದೇ ಸಲಕ್ಕೆ ಇಳಿಯುವುದು. 2009ರ ಅಕ್ಟೋಬರದಲ್ಲಿ ಕಾರವಾರ ತಾಲೂಕಿನ ಕಡವಾಡದಲ್ಲಿಯೂ, 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೂ ಗುಡ್ಡವು ಕುಸಿದು ಎಷ್ಟು ಜೀವಗಳು ಹೋದುವೆಂಬುದನ್ನು ಈ ಭಾಗದವರು ಮರೆತಿರಲಾರರು. ಬೈತಖೋಲದಂತೆ ಮನೆಯ ಹಿಂದೆಯೇ ಇಳಿಜಾರು ಇರುವಲ್ಲಿ ಮಣ್ಣನ್ನು ಹಿತ್ತಲಿಂದ ತೆಗೆಯದೆ, ಸಪಾಟಾದ ಬೇಣದಿಂದಲೋ ಬಾವಿ, ಕೆರೆ ತೋಡುವ ಸ್ಥಳದಿಂದಲೋ ತರಿಸತಕ್ಕದ್ದು. ಗಾಡಿಯ ಬಾಡಿಗೆ ಹೆಚ್ಚಾಯಿತೆಂಬ ಆಕ್ಷೇಪಣೆಗೆ ನನ್ನ ಕಿವಿ ಮಂದ.

ಇನ್ನು ಮರಳು. ಕಡಲಿನ ಮರಳು ಕೈಗೆಟುಕುವಷ್ಟು ಹತ್ತಿರವಿದ್ದರೂ ಎರಡು ಕಾರಣಗಳಿಂದ ಅದನ್ನು ಬಿಡಬೇಕು. ಅದರಲ್ಲಿ ಉಪ್ಪಿದೆ, ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಗೋಡೆಯನ್ನು ಯಾವಾಗಲೂ ಹಸಿಯಾಗಿಡುವುದು, ಒಣಗಿದಾಗ ಬಿಳಿಯ ಹುಡಿಯಾಗಿ ಮೇಲಕ್ಕೆದ್ದು ಗಿಲಾವನ್ನು ಸುಲಿಯುವುದು. ಎರಡನೆಯದಾಗಿ ಅದರ ಕಾಳುಗಳೆಲ್ಲ ಹೆಚ್ಚುಕಡಮೆ ಒಂದೇ ಅಳತೆಯವು. ದೊಡ್ಡ ಕಾಳಿನ ಸಂದಿಗೆ ಸಣ್ಣ ಕಾಳು ಕುಳಿತಾಗಲೇ ದಮ್ಮಸಿನ ಪೆಟ್ಟು ಫಲಿಸುವುದು. ಕಾಳೀ ಮತ್ತು ಗಂಗಾವಳಿ ನದಿಗಳ ಮುಖದ ಮರಳಿಗೂ ಭರತದ ಉಪ್ಪುನೀರು ತಗಲುವುದರಿಂದ ಇದೇ ಆಕ್ಷೇಪಣೆಯಿದೆ. ಮೇಲಾಗಿ ಹೊಳೆ ಕಡಲುಗಳ ಮರಳನ್ನು ಸರಕಾರದ ಅಪ್ಪಣೆಯಿಲ್ಲದೆ ತೆಗೆಯುವಂತಿಲ್ಲ. ಇದಕ್ಕೆ ಬದಲಾಗಿ ಚಿರೆಕಲ್ಲಿನ ಕಣಿಗಳಲ್ಲಿ ಕಲ್ಲು ಕೊಯ್ಯುವಾಗ ಬೀಳುವ ಚೂರನ್ನೂ ಹುಡಿಯನ್ನೂ ತರಿಸಬಹುದು. ಅರ್ಧ ಅಂಗುಲಕ್ಕಿಂತ ದಪ್ಪವಾದ ತುಂಡುಗಳನ್ನು ಜರಡಿಯಿಂದ ತೆಗೆದರೆ ಸರಿ. ಜಲ್ಲಿಯ ಕಾರಖಾನೆಯ ಕಲ್ಲುಹುಡಿಯೂ ಆಗಬಹುದು.

ಅಂಕೋಲೆಯ ಕಡೆಯ ಗಜನಿ ಭೂಮಿಯ ಮಣ್ಣನ್ನು ಗೋಡೆಗೆ ತೆಗೆಯುವುದನ್ನು ಸರ್ವಥಾ ಬಿಡಬೇಕು. ಕಗ್ಗ ಭತ್ತವನ್ನು ಬೆಳೆಯುವ ಆ ಕಪ್ಪು ಮಣ್ಣಿನಲ್ಲಿ ಜೇಡಿಯೂ ಉಪ್ಪೂ ಸೇಂದ್ರಿಯ ಪದಾರ್ಥವೂ ಮೂರೂ ಇರುವುವು. ಅದು ಏರಿ ಕಟ್ಟಲು ಯೋಗ್ಯ, ಮನೆ ಕಟ್ಟಲು ಅಲ್ಲ. ಮಣ್ಣಿನಲ್ಲಿ ಉಪ್ಪಿನ ಸಂಶಯವಿದ್ದರೆ ಒಂದು ಹಿಡಿಯನ್ನು ಬಾವಿಯ ಸಿಹಿನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನು ತಟ್ಟೆಗೆ ಬಸಿದು ಬಿಸಿಲಿಗಿಡಿರಿ. ನೀರು ಆರಿದಮೇಲೆ ಬಿಳಿಯ ಹಕ್ಕಳೆ ಉಳಿದರೆ ಆ ಮಣ್ಣನ್ನು ಬಿಟ್ಟುಬಿಡಿರಿ. ಹುತ್ತದ ಮಣ್ಣನ್ನು ಕೆಲವರು ಕೇಳುವುದುಂಟು. ಅದು ಜೇಡಿಯಿಂದ ಕೂಡಿದ್ದು, ನೆಲ ಸಾರಿಸಲಿಕ್ಕೂ ಗಿಲಾವಿಗೂ ಒಳ್ಳೆಯದು. ಇಡೀ ಗೋಡೆಗೆ ಸಾಲುವಷ್ಟು ಸಿಕ್ಕದು, ಸಿಕ್ಕಿದರೂ ಹುತ್ತವನ್ನು ಒಡೆಯಲು ನಮ್ಮ ಆಳುಗಳು ಒಪ್ಪುವುದು ಕಷ್ಟ.

ಮಣ್ಣಿನ ಅಂಶಗಳನ್ನು ಅಳೆಯಲು ಯಂತ್ರಗಳೇನೂ ಬೇಕಾಗಿಲ್ಲ. ನೆಟ್ಟಗಿನ ಬದಿಯ ಗಾಜಿನ ಬಾಟಲಿಯಲ್ಲಿ ಮೂರರಲ್ಲೊಂದು ಪಾಲು ಮಣ್ಣನ್ನು ಹುಡಿಮಾಡಿ ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಇಡುವುದು. ಒಂದು ತಾಸಿನ ಮೇಲೆ ಮತ್ತೆ ಕುಲುಕಿ ಮೇಜಿನ ಮೇಲಿಟ್ಟರೆ ಒಂದು ನಿಮಿಷದೊಳಗೆ ತಳಕ್ಕೆ ಕುಳಿತುದು ಗರಸು ಮತ್ತು ಮರಳು. ಅದರ ಮೇಲೆ ಅರ್ಧ ತಾಸಿನಲ್ಲಿ ಕೂಡುವುದು ರೇವೆ. ಮರುದಿನದ ವರೆಗೆ ನಿಧಾನವಾಗಿ ಇಳಿಯುವುದು ಜೇಡಿ. ಆಯಾ ಹೊತ್ತಿಗೆ ಬಾಟಲಿಯ ಮೇಲೆ ಗೆರೆ ಎಳೆದು ಅಳೆಯಬೇಕು. ನೀರಿನಲ್ಲಿ ಜೇಡಿಯು ಹಿಗ್ಗಿ ಕುಳಿತುಕೊಳ್ಳುವುದರಿಂದ ಅದು ಇದ್ದುದಕ್ಕಿಂತ ಹೆಚ್ಚಾಗಿ ಕಾಣುವುದೆಂಬುದನ್ನು ನೆನಪಿನಲ್ಲಿಡತಕ್ಕದ್ದು. ಇದಕ್ಕಿಂತ ನಂಬತಕ್ಕದ್ದು ತೊಳೆದು ತೂಗುವ ಕ್ರಮ. ಚೆನ್ನಾಗಿ ಒಣಗಿದ ಒಂದು ಕಿಲೋ ಮಣ್ಣನ್ನು ರಾತ್ರಿ ನೆನೆಯಿಟ್ಟು, ಹೆಂಟೆಗಳನ್ನು ಕೈಯಿಂದ ಹಿಸುಕಿ, ಕಲಕುವುದು, ಒಂದು ನಿಮಿಷ ತಡೆದು ಕದಡಿದ ನೀರನ್ನು ಚೆಲ್ಲುವುದು, ಹೀಗೆ ನೀರು ತಿಳಿಯಾಗುವ ವರೆಗೆ ಮಾಡಿ, ಉಳಿದ ಮರಳನ್ನು ಒಣಗಿಸಿ ತೂಗಿದರೆ, 700 ಗ್ರಾಮು ಬಂದಲ್ಲಿ ಆ ಮಣ್ಣಿಗೆ ಬೇರೇನನ್ನೂ ಬೆರೆಸಬೇಕಾಗಿಲ್ಲ. 450 ಗ್ರಾಮಿಗೂ ಕಡಮೆ ಬಂದರೆ ಮರಳಿಲ್ಲದೆ ಗತಿಯಿಲ್ಲ.

ಕುಗ್ಗುವಿಕೆಯನ್ನು ನೋಡಲು ಎರಡು ಅಡಿ ಉದ್ದ, ಒಂದೂವರೆ ಅಂಗುಲ ಅಗಲ, ಅಷ್ಟೇ ಆಳದ ಮರದ ಪೆಟ್ಟಿಗೆಯನ್ನು ಬಡಗಿಯಿಂದ ಮಾಡಿಸಿ, ಒಳಗೆ ಎಣ್ಣೆ ಸವರಿ, ಕೆಸರಾಗಿ ಕಲಸಿದ ಮಣ್ಣನ್ನು ಒತ್ತಿ ತುಂಬಿ ನೆರಳಿನಲ್ಲಿ ವಾರವಿಡೀ ಒಣಗಿಸುವುದು. ತುಂಡುಗಳನ್ನೆಲ್ಲ ಒಂದು ಕೊನೆಗೆ ತಳ್ಳಿದಾಗ ಉಳಿದ ತೆರಪು ಅರ್ಧ ಅಂಗುಲದೊಳಗಿದ್ದರೆ ಉತ್ತಮ. ಒಂದೂಕಾಲು ಅಂಗುಲದ ವರೆಗೆ ಮಧ್ಯಮ. ಎರಡು ಅಂಗುಲಕ್ಕೆ ಹತ್ತಿರವಾದರೆ ಮರಳನ್ನು ಬೆರೆಸಿ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.

ಬೆರೆಸುವ ಲೆಕ್ಕವು ಶಾಲೆಯ ಹುಡುಗನಿಗೂ ಸಾಧ್ಯವಾದುದು. ಗುಡ್ಡದ ಮಣ್ಣಿನಲ್ಲಿ ಜೇಡಿಯು 100ಕ್ಕೆ 24 ಇದೆಯೆನ್ನೋಣ. ಎರಡು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಜೇಡಿಯಿಲ್ಲದ ಹುಡಿಮರಳನ್ನು ಸೇರಿಸಿದರೆ ಮೂರು ಬುಟ್ಟಿಗಳಲ್ಲಿ ಜೇಡಿಯು 48 ಪಾಲು, ಅಂದರೆ 100ಕ್ಕೆ 16 ಆಯಿತು. 32 ಇದ್ದರೆ ಸಮಭಾಗ ಬೆರೆಸಬೇಕು. ಅದಕ್ಕೂ ಮಿಕ್ಕಿದ್ದರೆ ಮರಳಿನ ಖರ್ಚು ಮಣ್ಣಿನ ಲಾಭವನ್ನು ನುಂಗುವುದರಿಂದ ಬೇರೆ ಸ್ಥಳದ ಮಣ್ಣನ್ನು ಹುಡುಕುವುದು ಲೇಸು. ಬುಟ್ಟಿಗಳನ್ನು ಒಂದೇ ತೆರನಾಗಿ, ತಲೆ ಸವರಿ ತುಂಬಬೇಕು. ಒಂದನ್ನು ಗೋಪುರವಾಗಿ, ಇನ್ನೊಂದನ್ನು ತಗ್ಗಾಗಿ ತುಂಬಿದರೆ ಲೆಕ್ಕವು ಕಾಗದದಲ್ಲಿಯೇ ಉಳಿಯುವುದು.

ನಮ್ಮ ಮಳೆಯಲ್ಲಿ ಬರಿಯ ಮಣ್ಣಿನ ದಮ್ಮಸುಗೋಡೆಯನ್ನು ಹೊರಗೋಡೆಯಾಗಿ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಒಳಗಿನ ಅಡ್ಡಗೋಡೆಗೆ ಅದು ಸಾಕು. ಹೊರಗಿನದಕ್ಕೆ ತೂಕದಲ್ಲಿ 100ಕ್ಕೆ 7ರಷ್ಟು ಸಿಮೆಂಟು ಬೆರೆಸತಕ್ಕದ್ದು. ಹತ್ತು ಅಡಿ ಉದ್ದ, ಎಂಟು ಅಡಿ ಎತ್ತರ, ಒಂಬತ್ತು ಅಂಗುಲ ದಪ್ಪದ ಗೋಡೆಯು 60 ಘನ ಅಡಿ. ಬಡಿದಮೇಲೆ ಅದರ ತೂಕವು ಸುಮಾರು 3000 ಕಿಲೋ. ಇದಕ್ಕೆ 210 ಕಿಲೋ, ಅಂದರೆ ನಾಲ್ಕೂಕಾಲು ಚೀಲ ಸಿಮೆಂಟೂ, ಸಡಿಲವಾಗಿ ಅಳೆದರೆ ಸುಮಾರು 90 ಘನ ಅಡಿ ಮಣ್ಣೂ ಬೇಕಾಗುವುವು. ಒಂದು ಚೀಲಕ್ಕೆ 20 ಘನ ಅಡಿಗಿಂತ ತುಸು ಹೆಚ್ಚು ಎಂದಾಯಿತು. ಮಣ್ಣಿನಲ್ಲಿ ಜೇಡಿ ತುಸು ಹೆಚ್ಚಿದ್ದು ಮರಳು ಸಿಕ್ಕದಲ್ಲಿ ಸುಣ್ಣವನ್ನು ಉಪಯೋಗಿಸಬಹುದು. ನಮ್ಮ ಕರಾವಳಿಯ ಚಿಪ್ಪಿನ ಸುಣ್ಣವೂ ಇದಕ್ಕೆ ಸಲ್ಲುವುದು. ಸುಣ್ಣವು ಜೇಡಿಯೊಡನೆ ಸೇರಿ ಗಟ್ಟಿಯಾಗುವುದಾದರೂ ಅದರ ಕೆಲಸವು ನಿಧಾನ. ಅವಸರವಿದ್ದವರಿಗೆ ಅದು ಹೇಳಿದ್ದಲ್ಲ. ಬರಿಯ ಮರಳುಮಣ್ಣಿಗೆ ಸುಣ್ಣ ಹಾಕಿದರೆ ಸುಣ್ಣವು ದಂಡ.

ಮಿಶ್ರಣದ ತೇವವೂ ಆಯ್ಕೆಯಷ್ಟೇ ಮುಖ್ಯವಾದುದು. ಒಣ ಮಣ್ಣನ್ನೂ ಸಿಮೆಂಟನ್ನೂ ಒಂದೇ ಬಣ್ಣ ಬರುವ ವರೆಗೆ ಮಗುಚಿ, ಆಮೇಲೆ ಝಾರಿಯಿಂದ ನೀರು ಚಿಮುಕಿಸಿ, ಮುಷ್ಟಿಯಲ್ಲಿ ಉಂಡೆ ಕಟ್ಟಿ ಎದೆಯೆತ್ತರದಿಂದ ಗಟ್ಟಿನೆಲಕ್ಕೆ ಬಿಡಬೇಕು. ಉಂಡೆಯು ನಾಲ್ಕೈದು ತುಂಡಾದರೆ ತೇವವು ಸರಿ. ಹುಡಿಯಾದರೆ ನೀರು ಸಾಲದು. ಚಪ್ಪಟೆಯಾಗಿ ಅಂಟಿದರೆ ನೀರು ಹೆಚ್ಚು. ಹಸಿ ಹೆಚ್ಚಾದ ಮಣ್ಣನ್ನು ಎಷ್ಟು ಬಡಿದರೂ ದಮ್ಮಸಿನಡಿಯಲ್ಲಿ ಅದು ನಡುಗುವುದಲ್ಲದೆ ಕೂಡುವುದಿಲ್ಲ. ಸಿಮೆಂಟು ಬೆರೆಸಿ ನೀರು ಹಾಕಿದುದನ್ನು ಒಂದು ತಾಸಿನೊಳಗೆ ಬಡಿದು ತೀರಿಸಬೇಕಾದುದರಿಂದ ಒಂದು ಸಲಕ್ಕೆ ಅರ್ಧ ಚೀಲಕ್ಕಿಂತ ಹೆಚ್ಚು ಕಲಸಬಾರದು. ಆರು ಅಂಗುಲ ಸಡಿಲ ಪದರು ನಾಲ್ಕು ಅಂಗುಲಕ್ಕೆ ಇಳಿಯುವ ವರೆಗೆ ಬಡಿಯುವುದು. ಉಳಿದ ಬಡಗಿಯ, ಗಾರೆಯ ಕೆಲಸಗಳನ್ನು ನಮ್ಮ ಜನರಿಗೆ ಕಲಿಸಬೇಕಾದುದಿಲ್ಲ.

ಗೋಡೆಗೆ ಕೈಹಾಕುವುದಕ್ಕೆ ಒಂದು ತಿಂಗಳು ಮುಂಚೆ, ನಿಶ್ಚಯಿಸಿದ ಮಿಶ್ರಣದಿಂದ ಒಂದು ಅಡಿ ಉದ್ದದ ಮೂರು ದಿಮ್ಮಿಗಳನ್ನು ಪೆಟ್ಟಿಗೆಯಲ್ಲಿ ಬಡಿದು ಮಾಡಿಸಿ, ಒದ್ದೆಗೋಣಿಯನ್ನು ಹೊದಿಸಿ ಮೂರು ವಾರ ನೆನಸಿಟ್ಟು, ಬಳಿಕ ಒಣಗಿಸತಕ್ಕದ್ದು. ಒಂದನ್ನು ಇಡೀ ದಿನ ನೀರಿನಲ್ಲಿ ಮುಳುಗಿಸಿ ತೆಗೆದು ಉಗುರಿನಿಂದ ಕೆರೆದು ನೋಡಿರಿ. ಅಂಚು ಮೆತ್ತಗಾಗಿದ್ದರೆ ಮಿಶ್ರಣವು ಸಾಲದು. ಇನ್ನೊಂದನ್ನು ಸೂರಿನ ನೀರು ಬೀಳುವಂತೆ ಕೊಡದ ಧಾರೆಗೆ ಒಡ್ಡಿ ನೋಡಿರಿ. ಮೂರನೆಯದನ್ನು ಹಾಗೆಯೇ ಇಟ್ಟುಕೊಂಡರೆ ಮುಂದೆ ಗುತ್ತಿಗೆದಾರನ ಗೋಡೆಯೊಡನೆ ಹೋಲಿಸಲು ಸಾಕ್ಷಿಯಾಗುವುದು. ಊರಿನ ಮುಖ್ಯಸ್ಥರು ಈ ದಿಮ್ಮಿಗಳನ್ನು ಎಲ್ಲರಿಗೂ ಕಾಣುವಂತೆ ತಮ್ಮ ಜಗಲಿಯಲ್ಲಿ ಇರಿಸಿಕೊಳ್ಳುವುದು ಉಪಯುಕ್ತ. ಯಾವ ಬೇಣದ ಮಣ್ಣು, ಎಷ್ಟು ಮರಳು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಿದರೆ ಮುಂದಿನವರಿಗೆ ಪರೀಕ್ಷೆಯ ಶ್ರಮವು ಉಳಿಯುವುದು.

ಕೊನೆಯದಾಗಿ ಸ್ಥಳದ ಮಾತು. 2019ರ ಆಗಸ್ಟಿನಲ್ಲಿಯೂ 2021ರ ಜುಲೈಯಲ್ಲಿಯೂ ಗಂಗಾವಳಿ ಮತ್ತು ಕಾಳೀ ನದಿಗಳ ನೆರೆಯು ಏರಿದ ಮನೆಗಳ ಜಾಗದಲ್ಲಿ, ನೆರೆಯ ಗುರುತಿನ ಮೇಲೆ ಒಂದು ಅಡಿಯ ವರೆಗೆ ಚಿರೆಕಲ್ಲಿನ ಗೋಡೆಯನ್ನೇ ಕಟ್ಟಿ, ಬೇಕಾದರೆ ಅದರ ಮೇಲೆ ಮಾತ್ರ ದಮ್ಮಸುಗೋಡೆಯನ್ನು ಎಬ್ಬಿಸಬಹುದು. ಆ ಗುರುತು ಆಳೆತ್ತರಕ್ಕೂ ಮಿಕ್ಕಿದ್ದಲ್ಲಿ ಈ ಗೋಡೆಯ ಆಸೆಯನ್ನೇ ಬಿಡತಕ್ಕದ್ದು. ಬೇರೆ ಕಡೆಗಳಲ್ಲಿ ಎರಡು ಅಡಿಗೆ ಕಡಮೆಯಿಲ್ಲದ ಕಲ್ಲಿನ ಪಾಯವೂ, ಗೋಡೆಯಿಂದ ಮೂರು ಅಡಿ ಹೊರಚಾಚಿದ ಮಾಡಿನ ಸೂರೂ ಇರಬೇಕು. ಪಡುವಣ ಗಾಳಿಗೆ ಎದುರಾದ ಗೋಡೆಗೆ, ನಮ್ಮ ಹಿರಿಯರು ಮಾಡುತ್ತಿದ್ದಂತೆ, ಮಳೆಗಾಲಕ್ಕೆ ಮಡಲಿನ ತಟ್ಟಿಯನ್ನು ಕಟ್ಟುವುದರಲ್ಲಿ ನಾಚಿಕೆಯೇನೂ ಇಲ್ಲ. ಮಣ್ಣು ತೆಗೆದ ಗುಂಡಿಯನ್ನು ಮನೆಯ ಮಗ್ಗುಲಲ್ಲಿ ತೆರೆದಿಡದೆ, ಬದಿಗಿಟ್ಟ ಮೇಲ್ಮಣ್ಣನ್ನು ಮೃಗಶಿರಕ್ಕೆ ಮೊದಲೇ ಅದಕ್ಕೆ ತುಂಬಿಸಿ, ಎರಡು ಬಾಳೆಯ ಕಂದುಗಳನ್ನು ನೆಡಿಸಿದರೆ ಆ ಸ್ಥಳವು ಹಾಳಾಗಲಾರದು.